ಗೆರೆಯಪ್ಪನ ಕಟ್ಟೆಯ ಎತ್ತರ

ಈ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಎತ್ತರ ತಗ್ಗಿನ ಅಳತೆ ಬಲ್ಲವರು ನನಗಿಂತ ಎಷ್ಟೋ ಮಂದಿ ಇದ್ದಾರೆ. ಅವರು ಇದರಲ್ಲಿ ತಪ್ಪು ತೋರಿಸಿಯಾರು. ಮುತ್ತುಗದಹಟ್ಟಿಯವರು ಓದಿದರೆ, ನಮ್ಮ ದೇವರನ್ನು ಹಗುರ ಮಾಡಿದರು ಎಂದು ಬೇಸರಪಟ್ಟಾರು. ಎರಡೂ ಆಗದಿರಲಿ ಎಂದುಕೊಂಡೇ, ಓಂಕಾರೇಶನಿಂದ ಕೇಳಿದ್ದನ್ನು ಆದಷ್ಟು ಕೇಳಿದ ಹಾಗೇ ಹೇಳುತ್ತೇನೆ.

ಓಂಕಾರೇಶ ಕಡೂರಿನವನು, ನಲವತ್ತಾರರ ಪ್ರಾಯ. ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತ, ಸಂಜೆ ತರಗತಿಗೆ ಹೋಗಿ ಸರ್ವೆ ಕೆಲಸ ಕಲಿತವನು. ಹಾಗೆ ಕಲಿತದ್ದರಿಂದಲೋ ಏನೋ, ಎಲ್ಲರಿಗೂ ಗೊತ್ತಿರುವ ಯಾವುದೋ ಒಂದು ಪಾಠ ತನಗೆ ತಪ್ಪಿಹೋಗಿದೆ ಎಂಬ ಅಳುಕು ಅವನನ್ನು ಬಿಟ್ಟಿರಲಿಲ್ಲ. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಪೈಕಿ. ಎತ್ತರದ ಮಾತು ಬಂದರೆ ಮಾತ್ರ ಅವನ ಮುಖ ಅರಳುತ್ತಿತ್ತು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಸಣ್ಣಗೆ ಬರೆದಿರುತ್ತದಲ್ಲ, ಅದನ್ನು ಅವನು ಊರಿನ ಹೆಸರಿಗಿಂತ ಮೊದಲು ಓದುತ್ತಿದ್ದ. ಲಕ್ಷದ್ವೀಪದಲ್ಲಿ ಮನೆ ಮುಂದಿನ ತೆಂಗಿನ ಮರವೇ ಆ ದ್ವೀಪದ ಬೆಟ್ಟ ಎನ್ನುವನು. ಲೇಹ್‌ನಲ್ಲಿ ಅಂಗಳ ಗುಡಿಸುವವರು ಹತ್ತಿರ ಹತ್ತಿರ ಎರಡು ಮುಳ್ಳಯ್ಯನಗಿರಿಯಷ್ಟು ಮೇಲೆ ನಿಂತು ಗುಡಿಸುತ್ತಾರೆ ಎನ್ನುವನು. ಬೆಟ್ಟದ ಮಗ್ಗುಲಿನ ತರೀಕೆರೆ, ಬಯಲಿನ ಕಡೂರಿಗಿಂತ ಅರವತ್ತು ಮೀಟರಿನಷ್ಟು ತಗ್ಗಿನಲ್ಲಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ತರೀಕೆರೆಯ ಮಾವನವರಂತೂ, "ಹೆಣ್ಣು ಕೊಟ್ಟೋರು ತಗ್ಗಬೇಕು, ಸರಿ. ಊರೂ ತಗ್ಗಬೇಕೇನ್ರೀ?" ಎಂದು ಮದುವೆಯಾದ ವರ್ಷದಿಂದ ಅದೇ ಜಗಳ ಉಳಿಸಿಕೊಂಡಿದ್ದರು.

ಹೋದ ವರ್ಷ ಅವನಿಗೆ ಮುತ್ತುಗದಹಟ್ಟಿಯ ಕೆಲಸ ಬಂತು. ಅಜ್ಜಂಪುರದಿಂದ ಚೌಳಹಿರಿಯೂರಿನ ಕಡೆ ಹೋಗುವಾಗ, ಅಮೃತಮಹಲ್ ದನ ಮೇಯಲು ಬಿಟ್ಟ ಕಾವಲಿನ ಆಚೆ ಸಿಗುವ ನೂರಿಪ್ಪತ್ತು ಮನೆಯ ಊರು. ಆ ಕಡೆಗೆ ಒಂದು ದೊಡ್ಡ ಕಾಲುವೆ ಬರಲಿದೆ. ಇನ್ನೂ ತೋಡಿಲ್ಲ, ನಕ್ಷೆಯಲ್ಲಷ್ಟೇ ಇದೆ. ಅದರಿಂದ ತಾನಾಗಿ ನೀರು ಹರಿದುಬರುವಷ್ಟು ತಗ್ಗಿನಲ್ಲಿರುವ ಕೆರೆಗಳಿಗೆ ಮರಿಕಾಲುವೆ ಕೊಡುವುದು ಎಂದಾಗಿತ್ತು. ಎತ್ತರದಲ್ಲಿರುವ ಕೆರೆಗಳಿಗೆ ಇಲ್ಲ. ಮುತ್ತುಗದಹಟ್ಟಿಯ ಕೆರೆ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಅಳೆದು ಹೇಳುವುದು ಓಂಕಾರೇಶನ ಕೆಲಸ.

ಎತ್ತರ ಅಳೆಯಬೇಕಾದರೆ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ. ಅದಕ್ಕೆಂದು ಸರ್ವೆಯವರು ಬಹಳ ಹಿಂದೆ ಅಲ್ಲಲ್ಲಿ ಕಲ್ಲು ನೆಟ್ಟು, ಅದರ ಮೇಲೆ ಗೆರೆ ಕೊರೆದು, ಈ ಗೆರೆ ಸಮುದ್ರದಿಂದ ಇಷ್ಟು ಎತ್ತರ ಎಂದು ಪಟ್ಟಿ ಮಾಡಿಟ್ಟಿದ್ದಾರೆ. ಅಂಥದೊಂದು ಕಲ್ಲು ಮುತ್ತುಗದಹಟ್ಟಿಯ ಬೇವಿನ ಮರದ ಕೆಳಗೇ ಇತ್ತು. ಊರವರಿಗೆ ಅದು ಗೆರೆಯಪ್ಪ. ಸುಣ್ಣ ಬಳಿದ ಕಟ್ಟೆ, ಎಣ್ಣೆ ಕುಂಕುಮ, ಸೋಮವಾರಕ್ಕೊಂದು ಕುಡಿಕೆ ಹಾಲು. ಪೂಜೆ ಹುಲಿಗೆಮ್ಮನದು, ಎಪ್ಪತ್ತು ದಾಟಿದ ಮುದುಕಿ. ಓಂಕಾರೇಶ ಅವಳ ಅಪ್ಪಣೆ ಕೇಳಿ, ಚಪ್ಪಲಿ ಬಿಟ್ಟು, ಒದ್ದೆ ಬಟ್ಟೆಯಿಂದ ಗೆರೆಯ ಮೇಲಿನ ಕುಂಕುಮ ಒರೆಸಿಕೊಂಡ.

ಜೊತೆಗಿದ್ದವನು ಬಸವರಾಜಪ್ಪ. ಅಂಕಿ ಬರೆದ ಉದ್ದನೆಯ ಅಳತೆಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲುವುದು ಅವನ ಕೆಲಸ. ಓಂಕಾರೇಶನಿಗಿಂತ ಹತ್ತು ವರ್ಷ ದೊಡ್ಡವನು.

"ದೇವರ ತಲೆ ಮೇಲೆ ಪಟ್ಟಿ ಇಡಾದಾ? ನಂಗೇನಾದ್ರೂ ಆದ್ರೆ ನೀನೇ ಹೊಣೆ ಕಣೋ ಓಂಕಾರಿ."

"ಇಡಣ್ಣಾ, ಅವನು ಹುಟ್ಟಿರೋದೇ ಅದಕ್ಕೆ."

ಕಲ್ಲಿನಿಂದ ಹೊರಟು, ನೀರು ಕೆರೆಗೆ ಬಂದು ಬೀಳುವ ಬಾಯಿಯವರೆಗೆ ಅಳೆದು, ವಾಪಸ್ಸು ಕಲ್ಲಿಗೇ ಬಂದು ಮುಗಿಸಿದರು. ಹೋಗಿ ಬಂದ ಲೆಕ್ಕದಲ್ಲಿ ಬಿದ್ದ ವ್ಯತ್ಯಾಸ ನಾಲ್ಕೇ ಮಿಲಿಮೀಟರ್. ಅಷ್ಟು ಚೊಕ್ಕವಾಗಿ ಯಾವ ಕೆಲಸವೂ ಹಿಂದೆ ಕೂಡಿಬಂದಿರಲಿಲ್ಲ. ನಕ್ಷೆಯಲ್ಲಿನ ಕಾಲುವೆಯ ಮಟ್ಟದ ಜೊತೆ ಇಟ್ಟು ನೋಡಿದರೆ ಕೆರೆಯ ಬಾಯಿ ಐವತ್ತೈದು ಸೆಂಟಿಮೀಟರ್ ತಗ್ಗು. ನೀರು ಬರುತ್ತದೆ! ಸಹಾಯಕ ಎಂಜಿನಿಯರ್ ಭುವನಾ ಅವರಿಗೆ ವರದಿ ಕೊಟ್ಟ. ಎರಡು ತಿಂಗಳಿಗೆ, ಮರಿಕಾಲುವೆ ಸಿಗುವ ಊರುಗಳ ಪಟ್ಟಿಯಲ್ಲಿ ಊರಿನ ಹೆಸರು ಬಂತು.

ಮರಿಕಾಲುವೆಯ ಜಾಡಿಗೆ ಗೂಟ ಹೊಡೆಯಲು ಮತ್ತೆ ಹೋದಾಗ ಊರು ಅವನನ್ನು ಅಳಿಯನ ಹಾಗೆ ನೋಡಿಕೊಂಡಿತು. ಕಟ್ಟೆಯ ಮೇಲೆ ಕೂರಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಹುಲಿಗೆಮ್ಮ ಪಕ್ಕದಲ್ಲೇ ಕಾಲು ಚಾಚಿ ಕೂತಳು.

"ನಾವು ಇವನನ್ನ ಚೆನ್ನಾಗಿ ನೋಡ್ಕಂಡಿದ್ಕೆ ಇವನೂ ನಮ್ಮನ್ನ ನೋಡ್ದ ಕಣಪ್ಪಾ," ಎಂದು ಕಲ್ಲಿನ ಕಡೆ ಕೈ ತೋರಿಸಿದಳು. "ಮುಂಚೆ ಪಾಪ, ನೆಲದಾಗಿದ್ದ. ಮೇಕೆ ಹಾರ್ಕಂಡ್ ಹೋಗವು, ನಾಯಿ ಬಂದು ನೆಕ್ಕವು. ಸಿಮೆಂಟ್ ರಸ್ತೆ ಆದ ವರ್ಷ ನಮ್ ತಿಪ್ಪೇಶ, ಇನ್ನು ಮೂರು ಜನ ಸೇರಿ, ಹಾರೆ ಹಾಕಿ ಎತ್ತಿ ಕಟ್ಟೆ ಮೇಲೆ ಕೂರ್ಸಿದ್ರು. ಊರಿಗೆಲ್ಲಾ ಪಾಯಸ ಹಾಕ್ಸಿದ್ದೆ."

ಓಂಕಾರೇಶ ರೊಟ್ಟಿಯ ತಟ್ಟೆ ಪಕ್ಕಕ್ಕಿಟ್ಟ. "ಎತ್ತಿ ಕೂರ್ಸಿದ್ರಾ? ಎಷ್ಟು ಎತ್ತಿದ್ರಿ ಅಜ್ಜಿ?"

"ಈಟು," ಎಂದು ಅವಳು ಮಂಡಿಗಿಂತ ಸ್ವಲ್ಪ ಮೇಲೆ ಕೈಯಿಟ್ಟು ತೋರಿಸಿದಳು. ಮುಖದಲ್ಲಿ ಹೆಮ್ಮೆ.

ಅವನು ಕೈ ತೊಳೆದು, ಟೇಪು ಹಿಡಿದು ಕಟ್ಟೆ ಅಳೆದ. ಅರವತ್ತೆರಡು ಸೆಂಟಿಮೀಟರ್. ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದು ಆಗ ನೆನಪಾಯಿತು: ಹೊರಟ ಕಲ್ಲಿಗೇ ವಾಪಸ್ಸು ಬಂದರೆ ನಿನ್ನ ಕೆಲಸದ ತಪ್ಪು ಗೊತ್ತಾಗುತ್ತದೆ, ಕಲ್ಲಿನ ತಪ್ಪು ಗೊತ್ತಾಗುವುದಿಲ್ಲ, ಇನ್ನೊಂದು ಕಲ್ಲಿಗೆ ಹೋಗಿ ನೋಡು. ತಪ್ಪಿಹೋಗಿದ್ದ ಪಾಠವಲ್ಲ ಅದು. ಕಲಿತಿದ್ದ, ಬರೆದುಕೊಂಡಿದ್ದ. ನಾಲ್ಕು ಮಿಲಿಮೀಟರಿನ ಖುಷಿಯಲ್ಲಿ ಮರೆತಿದ್ದ.

ಕಲ್ಲು ಮೇಲೆ ಹೋಗಿದೆ, ಸರ್ವೆಯವರ ಪಟ್ಟಿಯಲ್ಲಿ ಹಳೆಯ ಎತ್ತರವೇ ಇದೆ. ಹಾಗಾದರೆ ಅದರಿಂದ ಅಳೆದದ್ದೆಲ್ಲ ಕಾಗದದ ಮೇಲೆ ಅರವತ್ತೆರಡು ಸೆಂಟಿಮೀಟರ್ ಕೆಳಕ್ಕೆ ಬಿದ್ದಿದೆ. ಕೆರೆಯ ಬಾಯಿ ಕಾಲುವೆಗಿಂತ ಐವತ್ತೈದು ತಗ್ಗಲ್ಲ, ಏಳು ಸೆಂಟಿಮೀಟರ್ ಎತ್ತರ. ನಾಲ್ಕು ಬೆರಳು.

ಗೂಟ ಹೊಡೆಯುವುದನ್ನು ಬಿಟ್ಟು ಅವನು ಬಸವರಾಜಪ್ಪನನ್ನು ಕರೆದುಕೊಂಡು ಅಜ್ಜಂಪುರದ ಹತ್ತಿರ ಕಾಲುವೆಯವರು ನಿಲ್ಲಿಸಿದ್ದ ಇನ್ನೊಂದು ಅಳತೆಗಂಬಕ್ಕೆ ಹೋದ. ಅಲ್ಲಿಂದ ಏಳು ಕಿಲೋಮೀಟರ್ ಕಾವಲಿನಲ್ಲಿ ಎರಡು ದಿನ ಅಳೆಯುತ್ತ ಬಂದರು. ಯಾರೂ ಹೇಳಿದ ಕೆಲಸವಲ್ಲ. ಅಮೃತಮಹಲ್ ಹಸುವೊಂದು ಮಟ್ಟ ನೋಡುವ ಮೆಷಿನ್ನಿನ ಸ್ಟ್ಯಾಂಡಿಗೆ ಮೈ ಉಜ್ಜಿ, ಒಂದು ಗಂಟೆಯ ಕೆಲಸ ಹಾಳಾಯಿತು.

"ಅಲ್ಲಾ ಓಂಕಾರಿ, ಟೇಪಲ್ಲಿ ಅಳೆದಾಯ್ತಲ್ಲೋ. ಇನ್ನೂ ಏನ್ ಹುಡುಕ್ತಿದೀಯ?"

"ನಾನು ತಪ್ಪಿರ್ಬೋದು ಅಂತ ಹುಡುಕ್ತಿದೀನಿ ಅಣ್ಣಾ."

"ತಪ್ಪೋದ್ರಲ್ಲೂ ನಿಂಗೆ ಅನುಮಾನ. ಒಳ್ಳೆ ಆಸಾಮಿ."

ತಪ್ಪಿರಲಿಲ್ಲ. ಆರೇಳು ಮಿಲಿಮೀಟರ್ ಆಚೀಚೆ, ಅದೇ ನಾಲ್ಕು ಬೆರಳು.

ಎರಡನೆಯ ದಿನದ ಸಂಜೆ ಕೆರೆಯ ಬಾಯಿಯ ಹತ್ತಿರ ಹುಲಿಗೆಮ್ಮನ ಮಗ ತಿಪ್ಪೇಶ ಸಿಕ್ಕ. ಪಂಚಾಯಿತಿ ಸದಸ್ಯ, ಊರಿನ ಹೆಸರು ಪಟ್ಟಿಗೆ ಬರಲೆಂದು ಕಚೇರಿಗೆ ತಿರುಗಿ ಚಪ್ಪಲಿ ಸವೆಸಿದವನು. ಓಂಕಾರೇಶ ಎಲ್ಲ ಹೇಳಿದ. ತಿಪ್ಪೇಶ ಸುತ್ತ ಒಮ್ಮೆ ನೋಡಿದ.

"ಇದು ಯಾರ್ಯಾರಿಗೆ ಗೊತ್ತು ಸಾರ್?"

"ನನಗೆ, ಬಸಣ್ಣನಿಗೆ, ಈಗ ನಿಮಗೆ."

"ಅಂಗಾದ್ರೆ ಇಲ್ಲೇ ಇರ್ಲಿ. ಹೆಸ್ರು ಬಂದೈತೆ. ಒಂದ್ಸಲ ಕಾಲುವೆ ತೋಡ್ಲಿ, ಆಮೇಲ್ ನೋಡ್ಕಳಣ. ನಾಲ್ಕು ಬೆರಳಿಗೆ ಊರ್ ಬಾಯಿಗೆ ಮಣ್ಣಾಕ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ಓಂಕಾರೇಶ ಕಡೂರಿನ ಬಸ್ಸು ಹತ್ತಿದ. ಸುಮ್ಮನಿದ್ದರೆ ಯಾರಿಗೂ ತಿಳಿಯದು ನಿಜ. ಹೇಳಿದರೆ ತನ್ನ ಹೆಸರೂ ಕೆಡುತ್ತದೆ. ಶುರುವಿನ ಕಲ್ಲನ್ನೇ ನೋಡಿಕೊಳ್ಳದವನು ಎಂದು ನಾಳೆ ಯಾರು ಕೆಲಸ ಕೊಟ್ಟಾರು? ಹೀಗೆ ಯೋಚಿಸುತ್ತಿದ್ದವನ ಕಣ್ಣಿಗೆ ಕಟ್ಟಿದ್ದು ಬೇರೆಯೇ ಒಂದು ದಿನ. ದೊಡ್ಡ ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆ. ಊರಿಗೆ ಊರೇ ಕೆರೆಯ ಬಾಯಲ್ಲಿ ನಿಂತಿದೆ. ಹುಲಿಗೆಮ್ಮ ಮಡಿಸೀರೆ ಉಟ್ಟು, ಬಾಗಿನದ ಮೊರ ಹಿಡಿದು ಕಾಯುತ್ತಿದ್ದಾಳೆ. ನೀರು ಮರಿಕಾಲುವೆಯಲ್ಲಿ ಅರ್ಧ ದಾರಿ ಬಂದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತುಬಿಟ್ಟಿದೆ. ಮುದುಕಿ ಮೊರ ಕೆಳಗಿಡದೆ ಸಂಜೆಯವರೆಗೂ ಕಾಯುತ್ತಾಳೆ. ಯಾಕೆ ಬರಲಿಲ್ಲ ಎಂದು ಅವಳು ಗೆರೆಯಪ್ಪನನ್ನು ಕೇಳುತ್ತಾಳೆಯೇ ಹೊರತು ಸರ್ವೆಯವನನ್ನಲ್ಲ.

ಬೀರೂರು ಬಂದ ಕೂಡಲೇ ಅವನು ಬಸ್ಸಿನಿಂದ ಇಳಿದು, ಪೆಟ್ಟಿಗೆ ಅಂಗಡಿಯ ಪಕ್ಕ ನಿಂತು ಭುವನಾ ಅವರಿಗೆ ಫೋನು ಮಾಡಿದ.

"ಮೇಡಂ, ಮುತ್ತುಗದಹಟ್ಟಿ ಲೆವೆಲ್ ತಪ್ಪು ಕೊಟ್ಟಿದೀನಿ. ನನ್ನದೇ ತಪ್ಪು." ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದ.

 "ದೇವರನ್ನೇ ಎತ್ತಿಬಿಟ್ರಾ?" ಎಂದು ಅವರು ನಕ್ಕೇಬಿಟ್ಟರು. ನಗು ನಿಂತ ಮೇಲೆ ದನಿ ಬದಲಾಯಿತು. "ಈಗಲೇ ಹೇಳಿದ್ದು ಒಳ್ಳೇದಾಯ್ತು ಓಂಕಾರೇಶ್. ತಿದ್ದಿದ ವರದಿ ಕೊಡಿ. ಹೆಸರು ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಬಾಯಿಯಲ್ಲಿ ಇರೋದು ಹೂಳಾ, ಗಟ್ಟಿ ನೆಲಾನಾ?"

ಅದನ್ನು ಅವನು ನೋಡಿರಲಿಲ್ಲ.

ಮರುದಿನ ಊರಿಗೆ ಹೋಗುವಾಗ ಬಸವರಾಜಪ್ಪ, "ನಾನ್ ಮುಂದೆ ಹೋಗ್ತೀನಿ, ಓಡೋಕೆ ನಿಂಗೆ ಟೈಮ್ ಸಿಗ್ತದೆ," ಎಂದ. ಬೇವಿನ ಮರದ ಕೆಳಗೆ ಹತ್ತಿಪ್ಪತ್ತು ಜನ ಸೇರಿದ್ದರು. ಓಂಕಾರೇಶ ತಾನು ಮಾಡಿದ್ದನ್ನೂ ಮೇಡಂಗೆ ಹೇಳಿಬಿಟ್ಟದ್ದನ್ನೂ ತಡವರಿಸುತ್ತ ಹೇಳಿದ. ತಿಪ್ಪೇಶ ಮುಖ ತಿರುಗಿಸಿಕೊಂಡ.

ಹುಲಿಗೆಮ್ಮನ ಕಣ್ಣಲ್ಲಿ ನೀರು ತುಂಬಿತು. "ಅಂಗಾದ್ರೆ ನಾವು ಮಾಡಿದ್ದು ತೆಪ್ಪಾ? ಇವನನ್ನ ನೆಲಕ್ಕೆ ಇಳಿಸಿಬುಡ್ತೀವಿ ಬಿಡಪ್ಪಾ, ಇವತ್ತೇ ಇಳಿಸ್ತೀವಿ."

"ಅವ್ವೋ, ಕಲ್ಲು ಇಳಿಸಿದ್ರೆ ಕೆರೆ ಇಳೀತದೇನೇ?" ಎಂದ ತಿಪ್ಪೇಶ ಸಿಡುಕಿನಲ್ಲಿ. ಯಾರೋ ಕಿಸಕ್ಕೆಂದರು. ಅವನಿಗೂ ನಗು ತಡೆಯಲಾಗಲಿಲ್ಲ.

"ನೀವು ಪ್ರೀತಿಯಿಂದ ಮಾಡಿದ್ದು ಅಜ್ಜಿ. ಅಳೆಯೋನು ಕೇಳ್ಬೇಕಾಗಿತ್ತು, ನಾನು ಕೇಳ್ಲಿಲ್ಲ," ಎಂದ ಓಂಕಾರೇಶ. "ಕೆರೆ ಬಾಯಲ್ಲಿ ಹೂಳು ತುಂಬಿದ್ರೆ ಒಂದು ದಾರಿ ಇದೆ. ನಾಲ್ಕು ಬೆರಳು ತೋಡಿದ್ರೆ ಸಾಲಲ್ಲ, ನೀರು ಹರಿಯೋಕೆ ಇಳಿಜಾರು ಬೇಕು. ಎರಡು ಅಡಿ ತಗ್ಗಿಸಿದ್ರೆ, ಮೊದಲು ನಾನು ಬರೆದಿದ್ದ ಲೆಕ್ಕವೇ ನಿಜ ಆಗುತ್ತೆ. ಆಗ ಇನ್ನೊಂದ್ಸಲ ಅಳೆದು ಕೊಡ್ತೀನಿ."

ಹುಲಿಗೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಂದ್ರೆ ಇವನನ್ನ ನಾವು ಎಷ್ಟು ಎತ್ತಿದ್ವೋ, ಅಷ್ಟು ನಾವು ತೋಡ್ಬೇಕು ಅಂತಾನೆ. ತೋಡಣ ಬಿಡು. ಲೇ ತಿಪ್ಪೇಶ, ಹೆಣ್ಣು ನೋಡಕ್ ಬಂದೋರಂಗೆ ಕೂತಿದೀಯಲ್ಲಾ, ಏಳು!"

ಎದ್ದರು. ಗುದ್ದಲಿ ಹಿಡಿದವರು, ಟ್ರ್ಯಾಕ್ಟರ್ ತಂದವರು, ಕೆರೆಯ ಗೋಡುಮಣ್ಣು ತೋಟಕ್ಕಾಗುತ್ತದೆ ಎಂಬ ಆಸೆಗೆ ಬಂದವರು, ಎಲ್ಲ ಸೇರಿ ಮೂರು ವಾರ ತೋಡಿದರು. ಓಂಕಾರೇಶ ಭಾನುವಾರಗಳಲ್ಲಿ ಹೋಗಿ ಅಳೆದುಕೊಟ್ಟ. ಬಸವರಾಜಪ್ಪ ಬೈಯುತ್ತಲೇ ಪಟ್ಟಿ ಹಿಡಿದ. ತಿಪ್ಪೇಶ ಎರಡನೆಯ ಭಾನುವಾರದಿಂದ ಮೊದಲಿನಂತೆ ಮಾತಾಡಿಸಿದ. ಒಂದೂಕಾಲು ಅಡಿಯವರೆಗೆ ಕಪ್ಪು ಹೂಳು ಬೆಣ್ಣೆಯ ಹಾಗೆ ಬಂತು. ಅದರ ಕೆಳಗೆ ಹಾರೆ ಠಣ್ ಎಂದಿತು.

ಅದು ಎತ್ತಿ ಬಿಸಾಡಬಹುದಾದ ಗುಂಡೋ, ನೆಲದೊಳಗೆ ಹಬ್ಬಿದ ಬಂಡೆಯೋ ಇನ್ನೂ ತಿಳಿದಿಲ್ಲ. ಮಳೆ ಬಂದು ಕೆಲಸ ನಿಂತಿದೆ. ತಿದ್ದಿದ ವರದಿ ಭುವನಾ ಅವರ ಕೈ ದಾಟಿ ಮೇಲೆ ಹೋಗಿದೆ. ಊರಿನ ಹೆಸರು ಪಟ್ಟಿಯಲ್ಲಿ ಉಳಿಯಿತೋ ಇಲ್ಲವೋ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಮುತ್ತುಗದಹಟ್ಟಿಯ ಕೆರೆಗೆ ಕಾಲುವೆಯ ನೀರು ಬರುತ್ತದೆಯೇ ಎಂಬುದು ಓಂಕಾರೇಶನಿಗೆ ತಿಳಿಯದು, ನನಗೂ ತಿಳಿಯದು.