ಮಳೆ ನಿಲ್ಲಲಿ

ಮಧ್ಯಾಹ್ನ ಎರಡು ಗಂಟೆ. ನಡುಮನೆಯಲ್ಲಿ ಮಲಗಿಸಿದ್ದವಳ ಮೇಲೆ ಹೆಂಗಸರು ಬಿಳಿ ಚಾದರ ಹೊದಿಸುತ್ತಿದ್ದರು. ಅವಳು ತೀರಿಕೊಂಡದ್ದು ಬೆಳಗಿನ ಜಾವ, ನಿದ್ದೆಯಲ್ಲೇ.

"ಅಂಚಿಗೆ ಅಂಚು ಕೂಡಿಸ್ರೇ," ಎಂದಳು ತೀರಿಕೊಂಡವಳ ಗೆಳತಿ. ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಜತೆಯಾಗಿ ಚಾದರ ಮಡಿಸಿದವರು. "ಸೊಟ್ಟಗಿದ್ರೆ ಎದ್ದು ಬಂದು ಬೈತಾಳೆ."

ಯಾರೋ ನಕ್ಕರು. ನಕ್ಕವರೇ ಅತ್ತರು. ಗಂಡ ಮಾತ್ರ ಗೋಡೆಗೊರಗಿ ಕೂತೇ ಇದ್ದ. ಬೀದಿಗೆಲ್ಲ ಅವನು ಬೀಗದಣ್ಣ. ಕೀಲಿ ಕಳೆದುಕೊಂಡವರ ಬಾಗಿಲು ತೆರೆದುಕೊಡುವುದು ಅವನ ಕಸುಬು.

ಹೆಂಡತಿಯ ತಮ್ಮ ಫೋನು ಹಿಡಿದು ಒಳಗೆ ಬಂದ. "ಭಾವ, ನಿಮ್ಮ ಮಗಳು ದಾರೀಲಿ ಸಿಕ್ಕಿಹಾಕ್ಕೊಂಡಿದ್ದಾಳೆ. ಅಲ್ಲಿ ವಿಪರೀತ ಮಳೆಯಂತೆ, ಸೇತುವೆ ಮೇಲೆಲ್ಲ ನೀರು. ನಾಳೆ ಬೆಳಿಗ್ಗೆವರೆಗೂ ಇಟ್ಕೊಳ್ಳೋಣ. ಫ್ರೀಜರ್ ಪೆಟ್ಟಿಗೆಗೆ ನಾನು ಹೇಳ್ತೀನಿ."

"ಮಳೆಯಂತೆ!" ಬೀಗದಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ. "ಬರೋ ಮನಸ್ಸಿಲ್ದೋರಿಗೆ ಮಳೆ ಒಂದು ನೆಪ. ನಂಗೊತ್ತಿಲ್ವಾ?"

"ಗೊತ್ತಿಲ್ದೆ ಏನು," ಗೆಳತಿ ಚಾದರದಿಂದ ತಲೆ ಎತ್ತಲಿಲ್ಲ. "ಆ ನೆಪ ಕಲಿಸಿದ್ದೇ ನೀವಲ್ವಾ?"

* * *

ಮಗಳು ಹೇಳದೆ ಕೇಳದೆ ಮದುವೆಯಾಗಿ ಕಡಲ ದಂಡೆಯ ಆ ಊರು ಸೇರಿದಾಗ, ಅವಳ ಹೊಸಿಲು ತುಳಿಯುವುದಿಲ್ಲವೆಂದು ಬೀಗದಣ್ಣ ಮನಸ್ಸಿನಲ್ಲೇ ಪಣ ತೊಟ್ಟಿದ್ದ. ಹೆಂಡತಿಗೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಳೆಗಾಲದಲ್ಲಿ ಅವಳು ಹೊರಡೋಣವೆಂದರೆ, "ಮಳೆ ನಿಲ್ಲಲಿ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಕೇಳಿದರೆ, "ಮಳೆಗೇ ಹೆಸರಾದ ಊರು. ಮಳೆ ಇಲ್ದಾಗ ಹೋಗಿ ನೋಡೋದೇನು?" ಎನ್ನುತ್ತಿದ್ದ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು.

ಮೊಮ್ಮಗಳು ಹುಟ್ಟಿದ ವರ್ಷ ನಗಲಿಲ್ಲ. ಚೀಲಕ್ಕೆ ಎರಡು ಜತೆ ಬಟ್ಟೆ, ಒಂದು ಕೊಡೆ ತುರುಕಿ, "ನಾನೊಬ್ಬಳೇ ಹೋಗ್ಬರ್ತೀನಿ," ಎಂದಳು.

"ಹೋಗು. ನೀನು ವಾಪಸ್ ಬರೋಷ್ಟರಲ್ಲಿ ಈ ಬಾಗಿಲಿನ ಬೀಗ ಬದಲಾಗಿರುತ್ತೆ."

ಅವನು ತಮಾಷೆಗೇ ಅಂದದ್ದು. ಆದರೆ ಬೀಗದವನ ಬಾಯಲ್ಲಿ ಅದು ತಮಾಷೆಯಾಗಿ ಕೇಳಲಿಲ್ಲ. ಅವಳು ಚೀಲ ಬರಿದು ಮಾಡಿ ಕೆಲಸಕ್ಕೆ ಹೋದಳು. ತಮಾಷೆ ಮಾಡಿದೆ ಎಂದು ಅವನು ಅಂದೇ ಹೇಳಬಹುದಿತ್ತು. ಸದ್ಯ, ಪೀಡೆ ತೊಲಗಿತಲ್ಲ ಎಂದು ಸುಮ್ಮನಾದ. ಆಮೇಲೆ ಅವಳು ಆ ಊರಿನ ಮಾತೆತ್ತಲೇ ಇಲ್ಲ.

* * *

ಫೋನು ಮತ್ತೆ ಬಂತು. ಹೆಂಡತಿಯ ತಮ್ಮ ಅದನ್ನು ಬೀಗದಣ್ಣನ ಕಿವಿಗೇ ಹಿಡಿದ.

"ಅಪ್ಪಾ..." ಅಷ್ಟು ಕೇಳಿಸಿತು. ಉಳಿದದ್ದೆಲ್ಲ ಮಳೆ, ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ನಡುವೆ ಒಮ್ಮೆ, "ಒಂದ್ಸಲ ಮುಖ ನೋಡ್ಬೇಕು..."

ಇದು ನೆಪವಲ್ಲ ಎಂದು ಅವನಿಗೆ ತಿಳಿಯಿತು. ಫೋನು ಸರಿಸಿದ. ಕೂತವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಕಾಯೋಣವೆಂದರೆ, ಈಗ ತಾನೇ ಉಗುಳಿದ ಮಾತನ್ನು ಇಷ್ಟು ಜನರೆದುರು ನುಂಗಬೇಕಿತ್ತು.

ಶವದ ಗಾಡಿಯ ಚಾಲಕ ಬಾಗಿಲಲ್ಲಿ ಇಣುಕಿದ. "ಯಜಮಾನ್ರೇ, ಚಿತಾಗಾರದಲ್ಲಿ ನಾಲ್ಕಕ್ಕೆ ನಮ್ಮ ಸರದಿ. ಎತ್ತೋದಾ, ಬಿಡೋದಾ? ಒಂದು ಮಾತು ಹೇಳ್ಬಿಡಿ."

"ಎತ್ತಿ," ಎಂದ ಬೀಗದಣ್ಣ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ."

"ಎತ್ತಿ ಅಂದೆನಲ್ಲ."

ಗೆಳತಿ ಎದ್ದು ಹೊರಗೆ ಹೋದಳು.

ಮಗಳು ಬಂದದ್ದು ಮರುದಿನ ಬೆಳಿಗ್ಗೆ. ಮೊಣಕಾಲಿನವರೆಗೂ ಕೆಸರು. ಬೀಗದಣ್ಣ ಬಾಗಿಲು ತೆರೆದು ನಿಂತಿದ್ದ. ಅವಳು ಒಳಗೆ ಬರಲಿಲ್ಲ. ಸೋದರಮಾವನ ಜತೆ ನೇರ ಚಿತಾಗಾರಕ್ಕೆ ಹೋದಳು. ಬೂದಿಯ ಕುಡಿಕೆಯನ್ನು ತಾನೇ ಪಡೆದುಕೊಂಡು, ಮಧ್ಯಾಹ್ನದ ಬಸ್ಸಿಗೆ ತನ್ನೂರಿಗೆ ಹೊರಟಳು.