ಬಾನಕ್ಕೆ ಬಂದ ಕೊಂಬು

ಬೀಸುಕಲ್ಲಿನ ಸುತ್ತ ಉದುರಿದ ಜೋಳದ ಹಿಟ್ಟಿಗೆ ಒಂದು ಬೆಚ್ಚನೆಯ ವಾಸನೆ ಇರುತ್ತಿತ್ತು. ಗಿರಣಿಯ ಹಿಟ್ಟಿಗೆ ಅದಿಲ್ಲ. ಆರೇಳು ವರ್ಷದವಳಿದ್ದಾಗ ಬೆಳಗಿನ ಜಾವ ನನಗೆ ಆ ವಾಸನೆಗೇ ಎಚ್ಚರವಾಗುತ್ತಿತ್ತು. ಶಿಕಾರಿಪುರದ ನಮ್ಮ ನಡುಮನೆಯಲ್ಲಿ ಅವ್ವ ಬೀಸುತ್ತಿದ್ದಳು. ಪಕ್ಕದ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಗುಡ್ಡಮ್ಮ ಎದುರಿಗೆ ಕೂತು, ಗೂಟಕ್ಕೆ ಕೈ ಸೇರಿಸಿ, ಪದ ಹಾಡುತ್ತಿದ್ದಳು.

ನಾನು ಗುಡ್ಡಕ್ಕ ಎಂದು ಕರೆಯುವ ಅವಳಿಗೆ ಈಗ ಎಂಬತ್ತೇಳು, ನನಗೆ ಎಪ್ಪತ್ತೈದು. ಇಬ್ಬರೂ ಅದೇ ಬೀದಿಯಲ್ಲಿದ್ದೇವೆ. ತನ್ನ ಮೊಮ್ಮಗಳು ರಕ್ಷಿತಾಳ ಮದುವೆ ಗೊತ್ತಾದಾಗ ಗುಡ್ಡಕ್ಕ ನನ್ನ ಹತ್ತಿರ ಬಂದಳು.

"ನನ್ ದನಿ ಒಡದೈತಿ ನೀಲವ್ವ. ಹಂದರದಾಗ ನಾ ಹಾಡಾಕಾಗಲ್ಲ. ಈ ಹುಡುಗ್ಯಾರು ಬುಕ್ಕಿನಾಗ ಇದ್ರಷ್ಟೇ ಹಾಡ್ತಾರ. ನೀ ಕಾಲೇಜು ಓದಿದಾಕಿ, ಒಂದ್ ಬುಕ್ ಮಾಡ್ಸು."

ಒಂದು ತಿಂಗಳು ಅವಳ ಪಕ್ಕ ಕೂತು ಹದಿನಾರು ಪದ ಬರೆದುಕೊಂಡೆ. ಪ್ರೆಸ್ಸಿನ ಪರಮಶಿವಪ್ಪನವರು ನೋಟ್‌ಬುಕ್ ತಿರುವಿ ನೋಡಿ, "ಟೈಪ್ ಮಾಡಿಸಿ ಕಳಿಸಿ ಬಿಡ್ರಿ. ಸೋಮವಾರ ಬೆಳಿಗ್ಗೆ ನನ್ ಕೈಗೆ ಬಂದ್ರೆ ಮದುವಿ ಹೊತ್ತಿಗೆ ಕೊಡ್ತೀನಿ, ತಪ್ಪಿದ್ರೆ ಆಗಲ್ಲ" ಎಂದರು. ನನ್ನ ನಡುಗುವ ಅಕ್ಷರದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಫ್ರೀಲಾನ್ಸರ್‌ಗೆ ಕೊಡಿ ಅಜ್ಜಿ" ಎಂದು ರಕ್ಷಿತಾ ಫೋನಿನಲ್ಲಿ ಹುಡುಕಿ ತೋರಿಸಿದಳು. ಆಸ್ಮಾ, ಸೊರಬ, ಮನೆಯಿಂದಲೇ ಕನ್ನಡ ಟೈಪಿಂಗ್.

"ಫ್ರೀ ಅಂದ್ರ ಬಸ್ಸಿನಂಗೇನು? ಆಧಾರ್ ಕಾರ್ಡ್ ತೋರಿಸ್ಬೇಕಾ?" ಗುಡ್ಡಕ್ಕ ಕೇಳಿದಳು.

"ಅಲ್ಲ ಅಜ್ಜಿ. ಯಾರ ಕೈ ಕೆಳಗೂ ಇರಲ್ಲ ಅಂತ. ಕೆಲಸಕ್ಕೆ ಇಷ್ಟು ಅಂತ ಮಾತಾಡ್ಕಂಡು ಮಾಡ್ತಾರೆ."

"ಗುತ್ತಿಗಿ ಅನ್ನು ಮತ್ತ!"

ಮುಖ ನೋಡದವರಿಗೆ ನಾನು ಎಂದೂ ಕೆಲಸ ಕೊಟ್ಟವಳಲ್ಲ. ಹೇಗೆ ಬರೆಯಬೇಕೆಂದು ತಿಳಿಯದೆ, 'ಮಾನ್ಯರೆ' ಎಂದು ಶುರು ಮಾಡಿ, ಪುಟಗಳ ಫೋಟೊ ಕಳಿಸಿ, ಕೊನೆಗೆ 'ತಪ್ಪುಗಳಿದ್ದರೆ ದಯವಿಟ್ಟು ತಿದ್ದಿ ಕೊಡಿ' ಎಂದು ಸೇರಿಸಿದೆ. ಹಾಗೆ ಬರೆಯುವುದು ವಿನಯ ಎಂದುಕೊಂಡಿದ್ದೆ. ಶನಿವಾರ ಮಧ್ಯಾಹ್ನ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ, ಹದಿನಾರೂ ಪದ ಬಂದವು. ಜೊತೆಗೆ ಒಂದು ಸಾಲು: 'ನಿಮಗೆ ಓದಲು ಅನುಕೂಲವಾಗಲಿ ಎಂದು ಅಕ್ಷರ ದೊಡ್ಡದು ಮಾಡಿದ್ದೇನೆ.'

ಖುಷಿಯಲ್ಲಿ ಗುಡ್ಡಕ್ಕನ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕೂತು ಮೊದಲನೆಯದನ್ನು ಓದಿದೆ.

"ಹಳ್ಳವ ದಾಟಿ ಬಂದ ಅಳಿಯ ಹಸಿದಿದ್ದಾನೆ, ಬೆಳ್ಳಿ ಗಂಗಾಳಕ್ಕೆ ನಮ್ಮವ್ವ, ಕೈತುಂಬ ನೀಡಿದ್ದಾಳೆ ಬಿಸಿ ಬಾನು."

"ಏನು ನೀಡ್ಯಾಳ?"

"ಬಾ…ನು" ಎಂದೆ. ಆಗಲೇ ನನಗೂ ಕಂಡಿದ್ದು.

ನಮ್ಮ ಹಳೆಯ ಪದಗಳಲ್ಲಿ ಬಾನ ಅಂದರೆ ಅನ್ನ. ಆ ಹುಡುಗಿ ಅದು ನನ್ನ ಕೈತಪ್ಪು ಎಂದುಕೊಂಡು ಒಂದು ಕೊಂಬು ಕೊಟ್ಟಿದ್ದಳು. ಅನ್ನ ಹೋಗಿ ಆಕಾಶವಾಗಿತ್ತು. ಎಲ್ಲ ಪುಟಗಳಲ್ಲೂ ನೀಡ್ಯಾಳ, ಬಂದಾಳ, ಹೋಗ್ಯಾನ ಅಂತ ಇದ್ದವೆಲ್ಲ ಇಸ್ತ್ರಿ ಮಾಡಿದಂತೆ ನೆಟ್ಟಗಾಗಿದ್ದವು.

ಗುಡ್ಡಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವು ನನ್ ಪದ ಅಲ್ಲ ಬಿಡು. ಪ್ರಿಂಟ್ ಮಾಡ್ಸಬ್ಯಾಡ. ಹಂದರದಾಗ ಇದನ್ನ ಹಾಡೋದ್ಕಿಂತ ಸುಮ್ನಿರೋದು ಚಲೋ. ನನ್ ಜೊತಿಗೇ ಹೋಗ್ಲಿ" ಎಂದು ಒಳಗೆ ಎದ್ದು ಹೋದಳು.

ಆಸ್ಮಾಗೆ ಫೋನ್ ಮಾಡಿ, ತಪ್ಪು ನನ್ನದೆಂದೇ ಮೊದಲು ಹೇಳಿದೆ. ತಿದ್ದಿ ಎಂದವಳು ನಾನಲ್ಲವೇ.

"ನಾನೂ ಕೇಳ್ಬೇಕಿತ್ತು ಮೇಡಂ. ನಾಳೆ ಭಾನುವಾರ ಅಲ್ವಾ? ಅಜ್ಜಿನ್ನ ಕರ್ಕೊಂಡು ನಮ್ಮನೆಗೇ ಬಂದ್ಬಿಡಿ. ಅವ್ರು ಹೇಳ್ಲಿ, ನಾನು ಕಿವಿಗೆ ಬಿದ್ದಿದ್ದನ್ನೇ ಟೈಪ್ ಹೊಡೀತೀನಿ. ಇದಕ್ಕೆ ಬೇರೆ ಏನೂ ಕೊಡ್ಬೇಡಿ."

ಗುಡ್ಡಕ್ಕನನ್ನು ಬಸ್ಸು ಹತ್ತಿಸುವುದೇ ದೊಡ್ಡ ಕೆಲಸವಾಯಿತು. ಶಿರಾಳಕೊಪ್ಪ ದಾಟುವವರೆಗೂ ಮುಖ ಕಿಟಕಿ ಕಡೆ. ಸೊರಬದಲ್ಲಿ ಆಸ್ಮಾ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಇಪ್ಪತ್ತೈದರ ಹುಡುಗಿ. ಮನೆ ಹತ್ತಿರವೇ ಇದ್ದರೂ ಅಜ್ಜಿ ನಡೆಯಬಾರದೆಂದು ಆಟೊ ನಿಲ್ಲಿಸಿಕೊಂಡಿದ್ದಳು.

"ಅಜ್ಜೀ, ನಾನೇ ಆಸ್ಮಾ ಬಾನು."

ಗುಡ್ಡಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದ್ಕೇ ನನ್ ಪದದಾಗೆಲ್ಲ ನಿನ್ ಹೆಸ್ರು ಬರ್ಕಂಡೀಯೇನು!"

ಆಸ್ಮಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಗುಡ್ಡಕ್ಕ ನಗಲಿಲ್ಲ. ಆದರೆ ಆಟೊ ಹತ್ತುವಾಗ ಅವಳ ಕೈ ಹಿಡಿದುಕೊಂಡಳು.

ಮನೆಯಲ್ಲಿ ಆಸ್ಮಾಳ ತಾಯಿ ಶಹಜಹಾನ್ ಬೇಗಂ ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ ಜಾಗ ಮಾಡಿದ್ದರು. ಗುಡ್ಡಕ್ಕನಿಗೆ ದಿಂಬು ಹಾಕಿದ ಕುರ್ಚಿ. ಆಸ್ಮಾ ಕಂಪ್ಯೂಟರ್ ಮುಂದೆ ಕೂತು, "ಹೇಳಿ ಅಜ್ಜಿ" ಎಂದಳು.

ಗುಡ್ಡಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೊಮ್ಮೆ ಶುರು ಮಾಡಿದಳು. "ಹಳ್ಳವ ದಾಟಿ…" ಅಷ್ಟಕ್ಕೇ ನಿಂತಿತು.

"ಮರ್ತೋತು ನೀಲವ್ವ" ಎಂದು ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು. "ಹಿಂಗ್ ಕುರ್ಚಿ ಮ್ಯಾಲ ಕುಂದ್ರಿಸಿ ಹೇಳು ಅಂದ್ರ ಎಲ್ಲಿಂದ ಬರ್ತತಿ?"

ನಮ್ಮಲ್ಲಿ ನಾನು ಬರೆದುಕೊಳ್ಳುವಾಗ ಅವಳು ಏನಾದರೂ ಮಾಡುತ್ತಲೇ ಇರುತ್ತಿದ್ದಳು: ಅವರೆ ಸುಲಿಯುವುದು, ಬತ್ತಿ ಹೊಸೆಯುವುದು. ಅದು ನನಗೆ ಹೊಳೆಯುವ ಮೊದಲೇ ಶಹಜಹಾನ್ ಬೇಗಂ ಒಳಗೆ ಹೋಗಿ ಒಂದು ಮೊರ ತಂದರು. ಗುಡ್ಡಕ್ಕನ ಮುಂದೆ ಚಾಪೆ ಹಾಸಿ, ಮೊರ ಇಟ್ಟು, "ಅಮ್ಮಾ, ನನಗೆ ಕಣ್ಣು ಸರಿ ಕಾಣಲ್ಲ. ಈ ಅಕ್ಕಿ ಒಂಚೂರು ಆರಿಸ್ಕೊಡ್ತೀರಾ?" ಎಂದರು.

"ಅದಕ್ಕೇನವ್ವ, ತಾ ಇಲ್ಲಿ." ಗುಡ್ಡಕ್ಕ ಕುರ್ಚಿಯಿಂದ ಇಳಿದು ಕೂತಳು. ಬೆರಳು ಅಕ್ಕಿಯ ಮೇಲೆ ಓಡಾಡತೊಡಗಿತು. ಸ್ವಲ್ಪ ಹೊತ್ತಿಗೆ, ಒಡೆದ ದನಿಯಲ್ಲಿ, ಪದ ತಾನಾಗಿಯೇ ಬಂತು.

ಹಳ್ಳವ ದಾಟಿ ಬಂದ ಅಳಿಯ ಹಸಿದಾನಂತ
ಬೆಳ್ಳಿ ಗಂಗಾಳಕ್ಕ ನಮ್ಮವ್ವ
ಕೈತುಂಬ ನೀಡ್ಯಾಳ ಬಿಸಿ ಬಾನ

ನಾನು ಮೊರದೊಳಗೆ ನೋಡಿದೆ. ಆ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಒಂದು ಭತ್ತವೂ ಇರಲಿಲ್ಲ. ಶಹಜಹಾನ್ ಬೇಗಂ ನನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಮಧ್ಯೆ ಮಧ್ಯೆ ಆಸ್ಮಾ ಕೇಳುತ್ತಿದ್ದಳು. "ಅಜ್ಜಿ, ಹೋಗ್ಯಾನನಾ, ಹೋಗ್ಯಾನೆನಾ?" "ಎಳೀಬ್ಯಾಡ ಅದನ್ನ. ಹೋಗ್ಯಾನ." "ಅಜ್ಜಿ, ಈ ಅಳಿಯ ಪ್ರತಿ ಪದದಲ್ಲೂ ಊಟಕ್ಕೇ ಬರ್ತಾನಲ್ಲ?" "ಅಳಿಯಂದ್ರು ಮತ್ತ್ಯಾತಕ ಬರ್ತಾರ? ನಿಂದೂ ಆಗ್ಲಿ, ತಿಳೀತತಿ." ಈಗ ಗುಡ್ಡಕ್ಕ ನಗುತ್ತಿದ್ದಳು.

ಹದಿನಾರನೆಯದು ಮುಗಿದಾಗ ಎರಡೂವರೆ. ಆಸ್ಮಾ ಬೆಳಗಿನಿಂದ ಒಮ್ಮೆಯೂ ಎದ್ದಿರಲಿಲ್ಲ. ಮೊದಲಿನಿಂದ ಎಲ್ಲವನ್ನೂ ಓದಿ ಹೇಳಿದಳು. ಗುಡ್ಡಕ್ಕ ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಕೇಳಿದಳು. ಎರಡು ಕಡೆ ತಡೆದಳು. ಕೊನೆಗೆ, "ಹ್ಞೂಂ. ಇದು ನಂದು. ಕಳಿಸು" ಎಂದಳು.

ಆಸ್ಮಾ ಪ್ರೆಸ್ಸಿಗೆ ಕಳಿಸಿದಳು. ಐದು ನಿಮಿಷಕ್ಕೆ ಪರಮಶಿವಪ್ಪನವರ ಉತ್ತರ ಬಂತು: 'ಬಂತು. ಬುಧವಾರ ಕೊಡುತ್ತೇನೆ.'

ಅಷ್ಟರಲ್ಲಿ ಶಹಜಹಾನ್ ಬೇಗಂ ತಟ್ಟೆ ತಂದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಸಂಕೋಚದಿಂದ, "ಪಕ್ಕದ ಜ್ಯೋತಿಲಕ್ಷ್ಮಿಯವರ ಮನೇಲಿ ಮಾಡ್ಸಿದ್ದು ರೀ. ನಿಮಗೆ ಹೆಂಗೋ ಏನೋ ಅಂತ" ಎಂದರು.

"ಯಾಕ್ರವ್ವ, ನಿಮ್ಮ ಒಲಿಗೆ ಏನಾಗಿತ್ತು?" ಎಂದಳು ಗುಡ್ಡಕ್ಕ.

ಶಹಜಹಾನ್ ಬೇಗಂ ನಕ್ಕು, ಮೊದಲ ತಟ್ಟೆಯನ್ನು ಅವಳ ಕಡೆ ಚಾಚಿದರು. ಗುಡ್ಡಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೆಲ್ಲಗೆ ಎದ್ದು, ಬೆರಳು ನೀವಿಕೊಳ್ಳುತ್ತಿದ್ದ ಆಸ್ಮಾಳ ಹತ್ತಿರ ಹೋಗಿ, ತಟ್ಟೆಯನ್ನು ಅವಳ ಕೈಗೆ ಕೊಟ್ಟಳು.