ಗೆರೆಗೆ ಅಡ್ಡ

ಮೇಸ್ತ್ರಿಗೆ ಮಗಳ ಮೇಲೆ ಸಿಟ್ಟಿರಲಿಲ್ಲ, ಅವಳು ತಂದ ಯಂತ್ರದ ಮೇಲಿತ್ತು. ನಲವತ್ತು ವರ್ಷ ಮರದ ಸುತ್ತಿಗೆಯಿಂದ ತಗಡು ಬಗ್ಗಿಸಿದವನ ವರ್ಕ್‌ಶಾಪಿನಲ್ಲಿ ಅದೇ ಕೆಲಸ ಮಾಡುವ ಆನೆಗಾತ್ರದ ಪ್ರೆಸ್ ಬಂದು ಕೂತರೆ ಯಾರ ಹೊಟ್ಟೆ ತಾನೇ ಉರಿಯುವುದಿಲ್ಲ?

"ಕಾಲಲ್ಲಿ ಪೆಡಲ್ ಒತ್ತೋದೂ ಒಂದು ಕಸುಬಾ? ತಗಡನ್ನ ಪುಸಲಾಯಿಸಿ ಬಗ್ಗಿಸ್ಬೇಕು ಕಣೇ. ನಿನ್ನ ಈ ಕೋಣ ಕತ್ತು ಹಿಡಿದು ಮುರಿಯುತ್ತೆ."

"ನೀನು ಪುಸಲಾಯಿಸ್ತಾ ಕೂತ್ರೆ ಗಿರಾಕಿ ಮುದುಕ ಆಗ್ತಾನಪ್ಪ" ಎಂದಳು ಮಗಳು.

ಕೊನೆಗೆ ಒಂದು ಒಪ್ಪಂದವಾಯಿತು. ಪಂಪುಗಳಿಗೆ ಎರಡು ಬದಿ ಮಡಿಚಿದ ನಲವತ್ತು ಅಲ್ಯುಮಿನಿಯಂ ಮುಚ್ಚಳ ಬೇಕಿತ್ತು. ಪ್ರೆಸ್ಸಿನಲ್ಲಿ ಸರಿಯಾಗಿ ಬಂದರೆ ಅಪ್ಪನ ಬೆಂಚು ಆಚೆಗೆ, ಆ ಜಾಗಕ್ಕೆ ಇನ್ನೊಂದು ಯಂತ್ರ. ಕೆಟ್ಟರೆ ಪ್ರೆಸ್ ಬಂದ ದಾರಿಯಲ್ಲೇ ವಾಪಸ್ಸು. ಎಲ್ಲಿ ಮಡಿಸಬೇಕೆಂದು ತಗಡಿನ ಮೇಲೆ ಗುರುತು ಹಾಕುವುದನ್ನು ಮಾತ್ರ ಮೇಸ್ತ್ರಿ ಬಿಟ್ಟುಕೊಡಲಿಲ್ಲ. ಅಷ್ಟಾದರೂ ಬುದ್ಧಿಯ ಕೆಲಸ ಉಳಿಯಲಿ ಎಂದು ಮೂಗು ಮುರಿದ.

ಮೊದಲ ಮುಚ್ಚಳವೇ ಮಡಿಕೆಯ ಉದ್ದಕ್ಕೂ ಸೀಳಿತು. ಎರಡನೆಯದೂ ಅಷ್ಟೇ.

ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷ. "ಆಹಾ! ಏನು ನಾಜೂಕು!"

"ತಗಡಲ್ಲೇ ಏನೋ ದೋಷ ಇರ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ತಾನು ಗುರುತು ಹಾಕಿಟ್ಟಿದ್ದ ಅದೇ ರಾಶಿಯಿಂದ ಇನ್ನೊಂದು ತಗಡೆಳೆದು ತನ್ನ ಕಬ್ಬಿಣದ ಪಟ್ಟಿಯ ಮೇಲಿಟ್ಟು, ನಿಧಾನವಾಗಿ ಬಡಿದು ಬಗ್ಗಿಸಿದ. ಒಂದು ಬಿರುಕೂ ಇಲ್ಲ. ಅದನ್ನು ಮಗಳ ಮುಖದೆದುರು ಆಡಿಸಿದ.

ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದಳು. ಆಮೇಲೆ ರಾಶಿಯಲ್ಲಿದ್ದವನ್ನೂ ನೋಡಿದಳು. ಅವಳ ದನಿ ಇಳಿಯಿತು.

"ಅಪ್ಪ, ತಗಡಿನ ಗೆರೆ ಉದ್ದಕ್ಕೆ ಹೋಗಿದೆ. ಗುರುತೂ ಉದ್ದಕ್ಕೇ ಹಾಕಿದ್ದೀಯ. ಗೆರೆಗೆ ಅಡ್ಡ ಮಡಿಸ್ಬೇಕು, ಇಲ್ಲಾಂದ್ರೆ ಸೀಳುತ್ತೆ ಅಂತ ನೀನೇ ಅಲ್ವಾ ಕಲಿಸಿದ್ದು?"

"ಮತ್ತೆ ನಂದ್ಯಾಕೆ ಸೀಳಲಿಲ್ಲ?"

"ನಿನ್ನ ಪಟ್ಟಿ ಅಂಚು ಸವೆದು ಗುಂಡಗಾಗಿದೆ. ಮಡಿಕೆ ಚೂಪಾಗಿಲ್ಲ, ಅದಕ್ಕೇ ತಡ್ಕೊಂಡಿದೆ."

ಮೇಸ್ತ್ರಿ ತಗಡನ್ನು ಕಣ್ಣ ಹತ್ತಿರ ತಂದ. ದೂರ ಹಿಡಿದ. ಬೆಳಕಿಗೆ ವಾಲಿಸಿದ. ಕಾರ್ಖಾನೆಯ ಉರುಳೆ ತಗಡಿನಲ್ಲಿ ಬಿಟ್ಟ ಕೂದಲೆಳೆಯಂಥ ಆ ಗೆರೆಗಳನ್ನು ಒಂದು ಕಾಲದಲ್ಲಿ ಅವನು ಬೀದಿಯಾಚೆಯಿಂದಲೇ ಓದುತ್ತಿದ್ದ. ಈಗ ಬರೀ ಬಿಳುಪು. ಎಷ್ಟು ದಿನದಿಂದ ಅವು ಕಾಣುತ್ತಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಸವೆದ ಪಟ್ಟಿ ಅವನ ತಪ್ಪುಗಳನ್ನೆಲ್ಲ ಮುಚ್ಚಿಡುತ್ತ ಬಂದಿತ್ತು. ಮಗಳೆದುರು ಅವನಿಗೆ ತುಂಬಾ ನಾಚಿಕೆಯಾಯಿತು.

ಅವಳು ಗೆರೆಗೆ ಅಡ್ಡ ಹೊಸ ಗುರುತು ಹಾಕಿ ಪೆಡಲ್ ಒತ್ತಿದಳು. ಮಡಿಕೆ ಗರಿಗರಿಯಾಗಿ ಬಂತು. ಮುಂದಿನದೂ ಬಂತು.

"ಬೆಂಚು ಇಲ್ಲೇ ಇರ್ಲಿ ಬಿಡಪ್ಪ" ಎಂದಳು.

ಮೇಸ್ತ್ರಿ ಸುತ್ತಿಗೆಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಬಗ್ಗಿ ಬೆಂಚಿನ ಒಂದು ತುದಿ ಹಿಡಿದ.

"ನಿನ್ನ ಕರುಣೆ ಯಾರಿಗೆ ಬೇಕು? ಏನು ಮಿಕಮಿಕ ನೋಡ್ತೀಯ, ಹಿಡ್ಕೋ ಆ ಕಡೆ. ಇದನ್ನೂ ನಿನ್ನ ಕೋಣವೇ ಎತ್ತುತ್ತೇನು?"